ಸಂಘದ ಜಿಮೇಲ್ ಖಾತೆ ತುಂಬಿದೆ: ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಅಳಿಸದೆ ಉಪಾಯವಿದೆಯೇ?

ಬದಿಯಡ್ಕದವನು:
ನಮ್ಮೂರಿನ ಯಕ್ಷಗಾನ ಸಂಘದ ಲೆಕ್ಕಪತ್ರ, ಆಮಂತ್ರಣ, ಧ್ವನಿಮುದ್ರಣಗಳೆಲ್ಲ ಒಂದೇ ಜಿಮೇಲ್ ಖಾತೆಯಲ್ಲಿವೆ. ಎರಡು ವಾರಗಳಿಂದ ಅದಕ್ಕೆ ಬರುವ ಪತ್ರಗಳು ಕಳುಹಿಸಿದವರಿಗೇ ಹಿಂದಿರುಗುತ್ತಿವೆ. ತಾಳಮದ್ದಳೆ ಸಪ್ತಾಹಕ್ಕೆ ಬರಬೇಕಾಗಿದ್ದ ಅರ್ಥಧಾರಿಯೊಬ್ಬರು ಫೋನ್ ಮಾಡಿ ವಿಚಾರಿಸಿದಾಗಲೇ ನಮಗೆ ಗೊತ್ತಾದದ್ದು. ನೋಡಿದರೆ 15 ಜಿಬಿ ಜಾಗ ಪೂರ್ತಿ ತುಂಬಿದೆ. ಇನ್‌ಬಾಕ್ಸಿನಲ್ಲಿ ಇರುವುದು ಸಾವಿರದಷ್ಟು ಪತ್ರ ಮಾತ್ರ, ಡ್ರೈವಿನಲ್ಲಿರುವ ಧ್ವನಿಮುದ್ರಣಗಳೆಲ್ಲ ಸೇರಿದರೂ 6 ಜಿಬಿ ದಾಟುವುದಿಲ್ಲ. ಉಳಿದ ಜಾಗ ಎಲ್ಲಿ ಹೋಯಿತು? ತೀರಿಕೊಂಡ ಹಿರಿಯ ಭಾಗವತರೊಬ್ಬರ ಪದಗಳು ಅದರಲ್ಲಿರುವುದರಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸಲು ಧೈರ್ಯ ಬರುವುದಿಲ್ಲ.

ಪೆರ್ಲದ ಓದುಗ:
ಆ 15 ಜಿಬಿ ಜಿಮೇಲಿಗೆ ಮಾತ್ರ ಮೀಸಲಾದದ್ದಲ್ಲ; ಜಿಮೇಲ್, ಡ್ರೈವ್, ಫೋಟೋಸ್ ಎಂಬ ಮೂವರು ಅಣ್ಣತಮ್ಮಂದಿರಿಗೆ 2013ರಿಂದ ಇರುವುದು ಒಂದೇ ಪತ್ತಾಯ. 2021ರ ಜೂನ್ 1ಕ್ಕಿಂತ ಮೊದಲು ಗಾತ್ರ ಕುಗ್ಗಿಸಿ ಏರಿಸಿದ ಚಿತ್ರಗಳು ಲೆಕ್ಕಕ್ಕಿಲ್ಲ, ಆ ಬಳಿಕ ಏರಿಸಿದವು ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಅಳಿಸಿದ ಪತ್ರಗಳೂ ಕಸದ ಬುಟ್ಟಿಯಲ್ಲಿ 30 ದಿನ ಜಾಗ ಹಿಡಿದುಕೊಂಡೇ ಇರುತ್ತವೆ, ಬುಟ್ಟಿಯನ್ನು ಖಾಲಿ ಮಾಡಿ ನೋಡಿ.

ಉಪ್ಪಳದ ಮಾಸ್ಟ್ರು:
ಸಂಘದ ವಾಟ್ಸಾಪ್ ಗುಂಪನ್ನು ನಡೆಸುವ ಮೊಬೈಲಿನಲ್ಲಿಯೂ ಇದೇ ಖಾತೆ ಇದೆಯೇ? ಆಂಡ್ರಾಯ್ಡ್ ಫೋನುಗಳ ವಾಟ್ಸಾಪ್ ಬ್ಯಾಕಪ್ ಹಿಂದೆ ಗೂಗಲ್ ಕೊಟ್ಟ ಜಾಗದ ಲೆಕ್ಕಕ್ಕೆ ಬರುತ್ತಿರಲಿಲ್ಲ, 2024ರಿಂದ ಬರುತ್ತಿದೆ. ಅದು ಡ್ರೈವಿನ ಕಡತಗಳ ನಡುವೆ ಕಾಣಿಸುವುದೂ ಇಲ್ಲ, ಸ್ಟೋರೇಜ್ ಪುಟದಲ್ಲಿ ಬ್ಯಾಕಪ್ಸ್ ಎಂಬುದನ್ನು ಒತ್ತಿದರೆ ಮಾತ್ರ ಕಾಣುತ್ತದೆ. ಆಟ ನಡೆದ ಮರುದಿನ ಗುಂಪಿಗೆ ಬಂದು ಬೀಳುವ ವೀಡಿಯೋಗಳ ರಾಶಿ ನಿಮಗೆ ಗೊತ್ತೇ ಇದೆ. ವಾಟ್ಸಾಪಿನ ಚಾಟ್ ಬ್ಯಾಕಪ್ ತೆರೆದು, ವೀಡಿಯೋಗಳನ್ನು ಸೇರಿಸುವ ಗುರುತನ್ನು ತೆಗೆದು, ಇನ್ನೊಮ್ಮೆ ಬ್ಯಾಕಪ್ ಮಾಡಿ.

ಬದಿಯಡ್ಕದವನು:
ಮಾಸ್ಟ್ರೇ, ಕಳ್ಳ ಅಲ್ಲೇ ಅಡಗಿದ್ದ! 7.8 ಜಿಬಿ ಇದ್ದ ಬ್ಯಾಕಪ್ ಈಗ 1 ಜಿಬಿಯೊಳಗೆ ನಿಂತಿದೆ, ಬೆಳಗ್ಗಿನಿಂದ ಪತ್ರಗಳೂ ಬರುತ್ತಿವೆ. ಭಾಗವತರ ಒಂದು ಪದವೂ ಹೋಗಲಿಲ್ಲ.

ನೀರ್ಚಾಲಿನವನು:
ಇಷ್ಟಕ್ಕೇ ಬಿಡಬೇಡಿ. ಎರಡು ವರ್ಷ ಯಾರೂ ಬಳಸದ ಖಾತೆಯನ್ನೂ, ಎರಡು ವರ್ಷ ಮಿತಿ ಮೀರಿಯೇ ಉಳಿದ ಖಾತೆಯಲ್ಲಿರುವುದನ್ನೂ ಅಳಿಸಬಹುದೆಂಬ ನಿಯಮ ಗೂಗಲ್ಲಿನಲ್ಲಿದೆ. ಆದ್ದರಿಂದ ಟೇಕೌಟ್ ಎಂಬ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಒಂದು ಪ್ರತಿ ಇಡಿ. ವೀಡಿಯೋಗಳಿದ್ದರೆ ಯೂಟ್ಯೂಬಿಗೆ ಹಾಕಿ, ಅಲ್ಲಿ ಏರಿಸಿದ್ದು ಈ 15 ಜಿಬಿಗೆ ಸೇರುವುದಿಲ್ಲ. ಕೊಂಡಿ ಸಿಕ್ಕಿದವರಿಗೆ ಮಾತ್ರ ಕಾಣುವಂತೆಯೂ ಇಡಬಹುದು. ಮತ್ತೊಂದು, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದೆಂದು ನೋಡಿದ್ದೀರಾ? ನಮ್ಮ ಭಜನಾ ಮಂದಿರದ ಖಾತೆಯ ಒಟಿಪಿ ಮೂರು ವರ್ಷ ಹಳೆಯ ಖಜಾಂಚಿಯವರಿಗೇ ಹೋಗುತ್ತಿತ್ತು.

ಬದಿಯಡ್ಕದವನು:
ಈಗಷ್ಟೇ ನೋಡಿದೆ. ಹಿಂದಿನ ಕಾರ್ಯದರ್ಶಿಯವರ ಸಂಖ್ಯೆ, ಅವರೀಗ ಶಾರ್ಜಾದಲ್ಲಿದ್ದಾರೆ. ಡ್ಯೂಟಿ ಮುಗಿಸಿ ಅವರು ರೂಮಿಗೆ ಬರುವ ಹೊತ್ತಿಗೆ ಕರೆ ಮಾಡುತ್ತೇನೆ.