ಬೇರೆ ಕೇಂದ್ರ ಇಲಾಖೆಗೆ ಹೋಗುವಾಗ "ಲೀನ್ ಬೇಡ" ಅಂತ ಬರೆದುಕೊಡಲೇಬೇಕಾ?

ಮಲೆನಾಡಿನ ಮಗಳು:

ಎಲ್ಲರಿಗೂ ನಮಸ್ಕಾರ. ನಾನು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತೆ, ಲೆವೆಲ್ 4. ಮನೆಗೆ ಹತ್ತಿರದ ಕಚೇರಿ. ಪ್ರೊಬೇಷನ್ ಮುಗಿದಿದೆ, ಕನ್ಫರ್ಮೇಷನ್ ಆರ್ಡರ್ ಕೈಯಲ್ಲಿದೆ. ಕೆಲಸ ಮಾಡುತ್ತಲೇ ಎಸ್ಎಸ್‌ಸಿ ಸಿಜಿಎಲ್ ಬರೆದೆ. ಈಗ ಜಿಎಸ್‌ಟಿ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿದ್ದೇನೆ, ಮುಂಬೈ ಝೋನ್, ಲೆವೆಲ್ 7. ಮೂಲ ವೇತನ 25,500 ರೂಪಾಯಿಯಿಂದ ಶುರುವಾಗುವ ಹುದ್ದೆ ಬಿಟ್ಟು 44,900ರಿಂದ ಶುರುವಾಗುವ ಹುದ್ದೆಗೆ ಹೋಗುವ ಅವಕಾಶ. ಬಿಡೋ ಮಾತೇ ಇಲ್ಲ.

ಆದರೆ ಮನೆಯಲ್ಲಿ ಅಮ್ಮ ಒಬ್ಬರೇ. ಈ ವರ್ಷ ಹೃದಯದ ಆಪರೇಷನ್ ಆಗಿದೆ. ಅವರನ್ನು ಮುಂಬೈಗೆ ಕರೆದುಕೊಂಡು ಹೋಗಿ ಸಂಭಾಳಿಸಲು ಆಗುತ್ತಾ ಅಂತ ಗೊತ್ತಿಲ್ಲ. ಆಗದಿದ್ದರೆ ವಾಪಸ್ ಬರುವ ದಾರಿ ಇರಲಿ ಅಂತ ಲೀನ್, ಅಂದರೆ ಈಗಿನ ಹುದ್ದೆಯ ಮೇಲಿನ ಹಕ್ಕು, ಉಳಿಸಿಕೊಡಿ ಎಂದು ಕೇಳಿದೆ. ನಮ್ಮ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿನವರು, "ಲೀನ್ ಎಲ್ಲಾ ಇಲ್ಲಿ ಕೊಡಲ್ಲ. ಲೀನ್ ಬೇಡ ಅಂತ ಒಂದು ಸಾಲು ಬರೆದು ರಾಜೀನಾಮೆ ಕೊಡಿ, ನಾಳೆಯೇ ರಿಲೀವ್ ಮಾಡಿಸ್ತೀವಿ" ಅಂತಾರೆ. ಪರೀಕ್ಷೆಗೆ ಅರ್ಜಿ ಹಾಕುವಾಗಲೇ ಕಚೇರಿಗೆ ಬರೆದು ತಿಳಿಸಿದ್ದೆ. ಅದರ ನಕಲಿನ ಮೇಲೆ ಟಪ್ಪಾಲಿನ ಸೀಲು, ಸಹಿ ಎರಡೂ ಇವೆ. ಎನ್ಒಸಿ ಕೂಡ ಅವರೇ ಕೊಟ್ಟಿದ್ದಾರೆ. ಜಾಯಿನ್ ಆಗುವ ಕಡೇ ತಾರೀಖು ಹತ್ತಿರ ಬರುತ್ತಿದೆ. ಆ ಸಾಲು ಬರೆದುಕೊಡಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸಪೇಟೆ ಹೈದ:

ಅಕ್ಕಾ, ಕಂಗ್ರಾಟ್ಸ್! ಸುಮ್ನೆ ಬರೆದುಕೊಟ್ಟು ಹೊರಡಿ. ಲೆವೆಲ್ 7 ಬಿಟ್ಟು ಲೆವೆಲ್ 4ಕ್ಕೆ ಯಾರು ವಾಪಸ್ ಬರ್ತಾರೆ? ಇದಕ್ಕೆಲ್ಲ ಜಗಳ ಮಾಡಿಕೊಂಡು ರಿಲೀವಿಂಗ್ ತಡ ಆದರೆ ಅದೇ ನಷ್ಟ.

ನಿವೃತ್ತ ಸೆಕ್ಷನ್ ಹೆಡ್:

ಹೊಸಪೇಟೆ ಹೈದ ಹೇಳಿದ ಹಾಗೆ ಮಾಡಬೇಡಮ್ಮ. ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇದೇ ಫೈಲುಗಳನ್ನು ನೋಡಿಕೊಂಡು ರಿಟೈರ್ ಆದವನು. ಬರೆಯಬೇಡ, ಒಂದಕ್ಷರವೂ ಬರೆಯಬೇಡ.

ಲೀನ್ ಅನ್ನೋದು ಕಚೇರಿಯವರು ಮನಸ್ಸು ಬಂದರೆ ಕೊಡುವ ಸವಲತ್ತಲ್ಲ. ಕಾಯಂ ಆದ ದಿನವೇ ಆ ಹುದ್ದೆಯ ಮೇಲೆ ನಿನಗೆ ಹಕ್ಕು ಬಂದಿದೆ. ಇನ್ನೊಂದು ಕಾಯಂ ಹುದ್ದೆಯ ಮೇಲೆ ಲೀನ್ ಸಿಗುವ ತನಕ ಇದು ನಿನ್ನ ಹಿಂದೆಯೇ ಇರುತ್ತದೆ. ಕೇಂದ್ರದ ಸಿಬ್ಬಂದಿ ಇಲಾಖೆ (ಡಿಒಪಿಟಿ) 17-08-2016ರಂದು ತಾಂತ್ರಿಕ ರಾಜೀನಾಮೆ (ಅನುಮತಿ ಪಡೆದು ಬೇರೆ ಸರ್ಕಾರಿ ಹುದ್ದೆಗೆ ಹೋಗಲು ಕೊಡುವ ರಾಜೀನಾಮೆ) ಮತ್ತು ಲೀನ್ ಬಗ್ಗೆ ಹಳೆಯ ಆದೇಶಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಆಫೀಸ್ ಮೆಮೊರಾಂಡಮ್ ಹೊರಡಿಸಿದೆ. ಅದನ್ನು ಪ್ರಿಂಟ್ ತೆಗೆದುಕೋ. ಯಾವ ಲೀನೂ ಉಳಿಯದ ಹಾಗೆ ಆಗುವುದಾದರೆ, ನೌಕರ ಒಪ್ಪಿದರೂ ಅವನ ಲೀನ್ ತೆಗೆಯುವ ಹಾಗಿಲ್ಲ ಅಂತ ಅದರಲ್ಲಿದೆ. ರಾಜೀನಾಮೆ ಪತ್ರದಲ್ಲಿ ಲೀನ್ ಕೇಳಿರಲಿಲ್ಲ ಅನ್ನುವ ನೆಪ ಹೇಳಿ ನಿರಾಕರಿಸುವುದೂ ಸರಿಯಲ್ಲ, "ಲೀನ್ ಇಲ್ಲ" ಅನ್ನುವ ಷರತ್ತು ಹಾಕಿ ರಿಲೀವ್ ಮಾಡುವುದೂ ಸರಿಯಲ್ಲ ಅಂತ ಬಿಡಿಸಿ ಬರೆದಿದ್ದಾರೆ. ನಿನ್ನ ಸೆಕ್ಷನ್ನಿನವರು ಕೇಳುತ್ತಿರುವುದು ಇದನ್ನೇ.

ಹಾಗಾದರೆ ಬರೆದುಕೊಟ್ಟರೂ ನಷ್ಟವಿಲ್ಲವಲ್ಲ ಅಂತ ಯಾರಾದರೂ ಹೇಳಬಹುದು. ನಷ್ಟ ಇದೆ. ನಾಳೆ ಅಮ್ಮನ ಆರೋಗ್ಯ ಕೆಟ್ಟು ನೀನು ವಾಪಸ್ ಅರ್ಜಿ ಹಾಕಿದಾಗ, ಫೈಲಿನಲ್ಲಿ ನಿನ್ನದೇ ಕೈಬರಹದ ಕಾಗದ ಇರುತ್ತದೆ. ನಿಯಮ ನಿನ್ನ ಕಡೆ ಇದ್ದರೂ ಅದನ್ನು ದಾಟಿ ಬರಲು ಮನವಿ, ಮೇಲ್ಮನವಿ, ಕಡೆಗೆ ಸಿಎಟಿ (ಕೇಂದ್ರ ಆಡಳಿತ ನ್ಯಾಯಮಂಡಳಿ) ಅಂತ ಅಲೆಯಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅವಧಿ ಮುಗಿದಿರುತ್ತದೆ.

ಇನ್ನೊಂದು ಕಾಗದಕ್ಕೆ ಮಾತ್ರ ಸಹಿ ಹಾಕಬೇಕು. 2 ವರ್ಷದೊಳಗೆ ವಾಪಸ್ ಬರುತ್ತೇನೆ, ಇಲ್ಲವಾದರೆ ರಾಜೀನಾಮೆ ಕೊಡುತ್ತೇನೆ ಅನ್ನುವ ಮುಚ್ಚಳಿಕೆ. ಅದನ್ನು ಕೇಳುವ ಅಧಿಕಾರ ಅವರಿಗಿದೆ. ಸಾಮಾನ್ಯವಾಗಿ ಅರ್ಜಿ ಕಳಿಸುವಾಗಲೇ ತೆಗೆದುಕೊಳ್ಳುತ್ತಾರೆ. ಇನ್ನೂ ಕೊಟ್ಟಿಲ್ಲದಿದ್ದರೆ ಈಗ ಕೊಡು. ಬೇಡ ಅನ್ನಬೇಕಾದದ್ದು ಆ ಒಂದು ಸಾಲಿಗೆ ಮಾತ್ರ.

ರಾಜೀನಾಮೆ ಪತ್ರ ಹೀಗಿರಲಿ: "ಕಚೇರಿಗೆ ಲಿಖಿತವಾಗಿ ತಿಳಿಸಿ ಅರ್ಜಿ ಸಲ್ಲಿಸಿದ್ದ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿರುವುದರಿಂದ ಈ ತಾಂತ್ರಿಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನಿಯಮದಂತೆ ನನ್ನ ಲೀನ್ ಉಳಿಸಿ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ." ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹಾಕಿಕೋ. ಎನ್ಒಸಿ ನಕಲು, ಆ ಸೀಲಿನ ನಕಲು, ಆಫರ್ ಲೆಟರ್ ಮೂರನ್ನೂ ಲಗತ್ತಿಸು. ಕೊಟ್ಟ ಪತ್ರದ ನಿನ್ನ ಪ್ರತಿಗೂ ಸೀಲು ಹಾಕಿಸಿಕೊಳ್ಳದೆ ಟಪ್ಪಾಲಿನ ಟೇಬಲ್ ಬಿಟ್ಟು ಏಳಬೇಡ.

ಶಿರಸಿ ಅಕ್ಕ:

ತಂಗಿ, ಯಾರು ವಾಪಸ್ ಬರ್ತಾರೆ ಅಂದಿದ್ದಕ್ಕೆ ಹೇಳುತ್ತೇನೆ. ನಾನು ಬಂದೆ. ದೆಹಲಿಯ ಒಂದು ಸಚಿವಾಲಯದಲ್ಲಿ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಆಗಿ ಸೇರಿದ್ದೆ. ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಎತ್ತಿ ಕೂರಿಸಲೂ ಇಬ್ಬರು ಬೇಕು. ಅಲ್ಲಿ ಬಾಡಿಗೆ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಳೆಯ ಇಲಾಖೆಗೆ ಬರೆದೆ. ಲೀನ್ ಇದ್ದದ್ದರಿಂದ ಸೇರಿಸಿಕೊಳ್ಳುತ್ತೇವೆ ಅಂತ ಪತ್ರ ಬಂತು, ಅದನ್ನು ತೋರಿಸಿದ ಮೇಲೆ ದೆಹಲಿಯವರು ಬಿಟ್ಟರು.

ಎರಡು ವಿಷಯ ಮೊದಲೇ ಗೊತ್ತಿರಲಿ. ಹಳೆಯ ಕುರ್ಚಿಯೇ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. ನನ್ನ ಜಾಗದಲ್ಲಿ ಬೇರೆಯವರು ಬಂದಿದ್ದರು, ನನಗೆ ಅದೇ ಕೇಡರಿನಲ್ಲಿ ಪಕ್ಕದ ತಾಲೂಕಿಗೆ ಹಾಕಿದರು. ಸೀನಿಯಾರಿಟಿ ಮಾತ್ರ ಇದ್ದಲ್ಲೇ ಇತ್ತು. ಎರಡನೆಯದು, ಹೊರಗಿದ್ದ ಸಮಯ ಇಲ್ಲಿನ ಬಡ್ತಿಗೆ ಬೇಕಾದ ಕನಿಷ್ಠ ಸೇವೆಗೆ ಲೆಕ್ಕಕ್ಕೆ ಬರಲಿಲ್ಲ. ಬೇಜಾರಾಯಿತು, ನಿಜ. ಆದರೆ ಅಪ್ಪನ ಕೊನೆಯ ವರ್ಷಗಳಲ್ಲಿ ಜೊತೆಗಿದ್ದೆ. ಅವರ ಔಷಧಿಗೆ ಸಂಬಳವೂ ಇತ್ತು. ನಿಮ್ಮ ಕಚೇರಿಯವರು ಸರಿಸಿಬಿಡಿ ಅನ್ನುತ್ತಿರುವುದು ಇಂಥದ್ದನ್ನು.

ಗದಗ ಮೇಷ್ಟ್ರು:

ಸರ್, ನಾನು ರಾಜ್ಯ ಸರ್ಕಾರದ ಪ್ರೌಢಶಾಲಾ ಶಿಕ್ಷಕ. ಪಿಯು ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಈ 2 ವರ್ಷದ ಲೆಕ್ಕ ನಮಗೂ ಇದೆಯಾ? ಬ್ಯಾಂಕ್ ಕೆಲಸಕ್ಕೆ ಹೋದರೆ?

ನಿವೃತ್ತ ಸೆಕ್ಷನ್ ಹೆಡ್:

ಮೇಷ್ಟ್ರೇ, ನಾನು ಹೇಳಿದ ಮೆಮೊರಾಂಡಮ್ ಕೇಂದ್ರ ನೌಕರರದು. ಅದನ್ನು ಹಿಡಿದುಕೊಂಡು ಬಿಇಒ ಕಚೇರಿಗೆ ಹೋಗಬೇಡಿ. ನಿಮಗೆ 1958ರ ಕೆ.ಸಿ.ಎಸ್.ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ಇದೆ. ಲೀನ್ ಅಲ್ಲೂ ಇದೆ, ಕಾಯಂ ಹುದ್ದೆಗೇ ಅಂಟಿಕೊಂಡಿದೆ. ಅನುಮತಿ ಪಡೆದು ಬೇರೆ ಸರ್ಕಾರಿ ಹುದ್ದೆಗೆ ಹೋಗಲು ಕೊಡುವ ರಾಜೀನಾಮೆಯನ್ನು ಸೇವೆಗೇ ಕೊಟ್ಟ ರಾಜೀನಾಮೆ ಅಂತ ಎಣಿಸುವುದಿಲ್ಲ. ಹಾಗಾಗಿ ಅರ್ಜಿ ಇಲಾಖೆ ಮೂಲಕವೇ ಹೋಗಲಿ. ಯಾರಿಗೂ ಹೇಳದೆ ಬರೆದು ಪಾಸಾಗಿ, ಆಮೇಲೆ ಬಂದು ಕೇಳುವವರಿಗೇ ಕಷ್ಟ ಜಾಸ್ತಿ.

ಬ್ಯಾಂಕ್, ಸಾರ್ವಜನಿಕ ಉದ್ದಿಮೆಗಳ ದಾರಿ ಬೇರೆ. ಕೇಂದ್ರದ ನಿಯಮದಲ್ಲಿ, ಸೇರಿದ ಕೂಡಲೇ ಅಲ್ಲೇ ವಿಲೀನವಾಗುವ ಷರತ್ತಿನ ಮೇಲೆ ಹೋದವರಿಗೆ ಆ ದಿನದಿಂದಲೇ ಲೀನ್ ಇಲ್ಲ. ಪ್ರೊಬೇಷನ್ ಮುಗಿಯದ ತಾತ್ಕಾಲಿಕ ನೌಕರರಿಗೂ ಇಲ್ಲ.

ಮಲೆನಾಡಿನ ಮಗಳು:

ಸರ್, ಅಕ್ಕಾ, ತುಂಬಾ ಥ್ಯಾಂಕ್ಸ್. ಮೆಮೊರಾಂಡಮ್ ಪ್ರಿಂಟ್ ತೆಗೆದು, ಆ ಭಾಗಕ್ಕೆ ಪೆನ್ಸಿಲ್ ಗೆರೆ ಹಾಕಿ, ಪತ್ರದ ಜೊತೆ ಲಗತ್ತಿಸಿ ಕೊಟ್ಟೆ. ಸೆಕ್ಷನ್ನಿನವರು ಓದಿ ಸುಮ್ಮನಾದರು, ಸಾಹೇಬರ ಹತ್ತಿರ ತೆಗೆದುಕೊಂಡು ಹೋದರು. ಇವತ್ತು ಆರ್ಡರ್ ಬಂತು. "ತಾಂತ್ರಿಕ ರಾಜೀನಾಮೆ ಅಂಗೀಕರಿಸಲಾಗಿದೆ, ಲೀನ್ 2 ವರ್ಷ ಉಳಿಸಲಾಗಿದೆ" ಅಂತ ಇದೆ. ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ಧೈರ್ಯವಾಗಿ ಹೋಗು" ಅಂದರು.

ಇನ್ನೆರಡು ಪ್ರಶ್ನೆ. ಅಲ್ಲಿ ಪ್ರೊಬೇಷನ್ 2 ವರ್ಷ, ಲೀನೂ 2 ವರ್ಷ. ಕನ್ಫರ್ಮೇಷನ್ ತಡವಾದರೆ? ಮತ್ತೆ ನನ್ನ ರಜೆ, ಎನ್‌ಪಿಎಸ್ ಪಿಂಚಣಿ ಖಾತೆ ಏನಾಗುತ್ತವೆ?

ನಿವೃತ್ತ ಸೆಕ್ಷನ್ ಹೆಡ್:

ಓದಿ ಸಂತೋಷವಾಯಿತಮ್ಮ. ಕನ್ಫರ್ಮೇಷನ್ ತಡವಾಗುವುದಕ್ಕೇ 3ನೇ ವರ್ಷ ಇಟ್ಟಿದ್ದಾರೆ. ಆದರೆ ತಾನಾಗಿ ಸಿಗುವುದಿಲ್ಲ. 2 ವರ್ಷ ಮುಗಿಯುವ ಕೆಲವು ತಿಂಗಳ ಮುಂಚೆಯೇ ಹಳೆಯ ಇಲಾಖೆಗೆ ಬರೆದು, ಹೊಸ ಮುಚ್ಚಳಿಕೆ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಬೇಕು. ಸುಮ್ಮನೆ ಕೂತರೆ ಅವರು ನೋಟಿಸ್ ಕೊಟ್ಟು ಲೀನ್ ತೆಗೆಯುವ ಕ್ರಮ ಶುರು ಮಾಡಬಹುದು, ಆಗ ತಪ್ಪು ನಿನ್ನ ಕಡೆ ಬರುತ್ತದೆ. ಅಲ್ಲಿನ ಇಲಾಖಾ ಪರೀಕ್ಷೆ ಬೇಗ ಮುಗಿಸಿಕೋ.

ಉಳಿದ ರಜೆ ನಿನ್ನ ಜೊತೆ ಬರುತ್ತದೆ, ಲ್ಯಾಪ್ಸ್ ಆಗುವುದಿಲ್ಲ. ಸೇವಾ ಪುಸ್ತಕವೂ ಮುಂಬೈಗೆ ಹೋಗುತ್ತದೆ. ಅದು ಹೊರಡುವ ಮೊದಲು ಒಮ್ಮೆ ಕೂತು ಪುಟ ತಿರುವಿ ನೋಡು. ರಜೆ ಖಾತೆಯ ಬಾಕಿ, ಇನ್‌ಕ್ರಿಮೆಂಟ್, ಕನ್ಫರ್ಮೇಷನ್ ನಮೂದು, ಈಗಿನ ಆರ್ಡರಿನ ಲೀನ್ ನಮೂದು, ಎಲ್ಲಕ್ಕೂ ಸಹಿ ಬಿದ್ದಿದೆಯಾ ನೋಡು, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೋ. ಎನ್‌ಪಿಎಸ್‌ಗೆ ಹೊಸ ಪ್ರಾನ್ (ಖಾತೆಯ ನಂಬರ್) ಮಾಡಿಸಬೇಡ. ಹಳೆಯ ನಂಬರನ್ನೇ ಅಲ್ಲಿ ಸಂಬಳದ ಬಿಲ್ ಮಾಡುವ ಅಧಿಕಾರಿಗೆ (ಡಿಡಿಒ) ಕೊಡು, ಖಾತೆಯನ್ನು ಅವರು ತಮ್ಮ ಕಚೇರಿಗೆ ಎಳೆದುಕೊಳ್ಳುತ್ತಾರೆ.