ಹಳೆ ಮಾಳಿಗೆ ಮನೆ ಹೋಟೆಲ್ ಆಗ್ತಿದೆ: ಮೇಲಿನ ಹೆಜ್ಜೆ ಸಪ್ಪಳ ತಡೆಯೋದು ಹೇಗೆ?

ಪ್ರಶ್ನೆ
ಗಂಗಾವತಿಯಲ್ಲಿ ಎರಡಂತಸ್ತಿನ ಹಳೆ ಮನೆ. ತೇಗದ ತೊಲೆ, ಜಂತಿ, ಹಲಗೆ, ಮೇಲೆ ಆರಿಂಚು ಮಣ್ಣು, ಅದರ ಮೇಲೆ ಶಹಾಬಾದ್ ಕಲ್ಲು. ಮಾತು ಕೆಳಗೆ ಅಷ್ಟು ಕೇಳಲ್ಲ, ಆದ್ರೆ ಹೆಜ್ಜೆ, ಕುರ್ಚಿ ಎಳೆಯೋದು ದಬದಬ ಕೇಳುತ್ತೆ. ಅಂಜನಾದ್ರಿ ಬೆಟ್ಟ ಹತ್ತೋರು ನಸುಕಿನಲ್ಲೇ ಏಳ್ತಾರೆ. ಮೇಸ್ತ್ರಿ ಮಣ್ಣು ತೆಗೆದು ಎರಡಿಂಚು ಕಾಂಕ್ರೀಟ್ ಹಾಕೋಣ ಅಂತಾರೆ, ಇನ್ನೊಬ್ರು ಥರ್ಮಾಕೋಲ್ ಸೀಲಿಂಗ್ ಸಾಕು ಅಂತಾರೆ. ರೂಮು 12×14 ಅಡಿ.

ಉತ್ತರ 1
ಮಣ್ಣು ಮುಟ್ಟಬ್ಯಾಡ್ರಿ. ಮಾತು ಕೆಳಗೆ ಇಳೀದಂಗ ತಡೆದಿರೋದೇ ಅದರ ಭಾರ. ಥರ್ಮಾಕೋಲ್‌ಗೆ ಭಾರಾನೇ ಇಲ್ಲ, ಸಪ್ಪಳಕ್ಕೆ ಅದರಿಂದ ಉಪಯೋಗ ಇಲ್ಲ. ಹೆಜ್ಜೆ ಸಪ್ಪಳ ನೆಲದಿಂದ ತೊಲೆಗೆ, ಗೋಡೆಗೆ ನಡುಕ ಆಗಿ ಹೋಗ್ತದ. ಅದಕ್ಕೆ ನಡೆಯೋ ನೆಲಾನೇ ಕೆಳಗಿನ ಕಲ್ಲಿಗೆ, ಗೋಡೆಗೆ ತಾಗದಂಗ ಬಿಡಿಸಿ ಇಡಬೇಕು.

ಮೊದಲು ಗೋಡೆಯೊಳಗೆ ಹೋಗಿರೋ ತೊಲೆ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡ್ರಿ. ಮೆತ್ತಗಿದ್ರೆ ಗೆದ್ದಲು ಅಥವಾ ಕೊಳೆ; ಅದನ್ನ ಸರಿ ಮಾಡೋ ತನಕ ಮೇಲೆ ಏನೂ ಹಾಕಬ್ಯಾಡ್ರಿ. ಮಣ್ಣು ಹಂಗೇ ಇಟ್ಟು ಮೇಲೆ ಎರಡಿಂಚು ಕಾಂಕ್ರೀಟ್ ಹಾಕೋಣ ಅಂದ್ರೆ ಒಂದು ರೂಮಿಗೇ ಒಂದೂವರೆ ಟನ್ ಮೇಲೆ ಭಾರ ಏರ್ತದ.

ಬದಲಿಗೆ ಕಲ್ಲಿನ ಮೇಲೆ 10 ಎಂಎಂ ರಬ್ಬರ್ ಚೂರಿನ ಮ್ಯಾಟ್, ಅದರ ಮೇಲೆ 12 ಎಂಎಂ ಸಿಮೆಂಟ್ ಫೈಬರ್ ಬೋರ್ಡ್ ಎರಡು ಪದರ. ಟೈಲ್ಸ್ ಬಿಟ್ಟು ಸುಮಾರು 600 ಕೆಜಿ. 8×4 ಬೋರ್ಡ್ ಒಂದೊಂದು ಪದರಕ್ಕೆ ಆರು, ಒಟ್ಟು 12, ಒಂದು ಹೆಚ್ಚಿಗೆ ತರ್ರಿ. ಮೇಲಿನ ಪದರದ ಸಂದಿ ಕೆಳಗಿನ ಪದರದ ಸಂದಿ ಮೇಲೆ ಬರಬಾರದು, ಒಂದಡಿ ಸರಿಸ್ರಿ. ಎರಡು ಪದರದ ನಡುವೆ ಅಂಟು ಹಚ್ಚಿ 20 ಎಂಎಂ ಸ್ಕ್ರೂ ಹೊಡೀರಿ. ಇದಕ್ಕಿಂತ ಉದ್ದ ಬ್ಯಾಡ. ಮ್ಯಾಟ್ ದಾಟಿ ಕಲ್ಲಿಗೆ ತಾಗಿದ ಒಂದೊಂದು ಸ್ಕ್ರೂನೂ ಸಪ್ಪಳಕ್ಕೆ ದಾರಿ.

ಉತ್ತರ 2
ಮೇಲಿನ ವಿಧಾನ ಸರಿ. ಹೆಚ್ಚಿನ ಕಡೆ ಕೆಡೋದು ಅಂಚಿನಲ್ಲಿ. ಗೋಡೆ ಸುತ್ತ 52 ಅಡಿಗೂ 10 ಎಂಎಂ ಫೋಮ್ ಪಟ್ಟಿ ನಿಲ್ಲಿಸಿ, ಟೈಲ್ಸ್ ಮಟ್ಟಕ್ಕಿಂತ ಎತ್ತರ ಇರಲಿ. ಗ್ರೌಟ್ (ಟೈಲ್ಸ್ ಸಂದಿಗೆ ತುಂಬೋ ಸಿಮೆಂಟ್) ಮುಗಿದ ಮೇಲೆ ಹೆಚ್ಚಾದ ಫೋಮ್ ಕೊಯ್ದು, ಸಂದಿಗೆ ವಿಸಿಟಿಂಗ್ ಕಾರ್ಡ್ ತೂರಿಸಿ ಗೋಡೆಯುದ್ದಕ್ಕೂ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಗ್ರೌಟ್ ಗೋಡೆಗೆ ಅಂಟಿದೆ, ಕೆರೆದು ತೆಗೆಯಿರಿ. ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ಸ್ ಪಟ್ಟಿ) ಗೋಡೆಗೆ ಮಾತ್ರ ಅಂಟಿಸಿ, ಕೆಳಗೆ 3 ಎಂಎಂ ಬಿಟ್ಟು ಸಿಲಿಕೋನ್ ತುಂಬಿ. ಮೇಸ್ತ್ರಿಗಳು ಅಭ್ಯಾಸಬಲದಿಂದ ಇಲ್ಲಿ ಬಿಳಿ ಸಿಮೆಂಟ್ ತುಂಬಿಬಿಡ್ತಾರೆ, ಪಕ್ಕದಲ್ಲೇ ನಿಂತು ಮಾಡಿಸಿ.

ಬಾಗಿಲ ಹೊಸ್ತಿಲು ಮರೀಬೇಡಿ. ನೆಲ ಟೈಲ್ಸ್ ಸೇರಿ ಒಂದೂವರೆ ಇಂಚಿನ ಮೇಲೆ ಏರುತ್ತೆ.

ಪ್ರಶ್ನೆ ಕೇಳಿದವರು
ಕೆಳಗಿನಿಂದ ಜಿಪ್ಸಮ್ ಸೀಲಿಂಗ್ ಕೂಡ ಬೇಕಾ? ಮೇಲಂತಸ್ತಿನಲ್ಲಿ ಬಾತ್‌ರೂಮ್ ಕೂಡ ಬರುತ್ತೆ.

ಉತ್ತರ 1
ಒಂದು ರೂಮಿನ ನೆಲ ಮುಗಿಸಿ, ಕೆಳಗೆ ಕುಂತು ಕೇಳಿ ಆಮೇಲೆ ನಿರ್ಧರಿಸ್ರಿ. ತೇಗದ ಜಂತಿ ಮುಚ್ಚಿದ್ರೆ ಮನೆಯ ಚೆಲುವೇ ಹೋಗ್ತದ, ಸೋರಿಕೆ, ಗೆದ್ದಲೂ ಕಾಣಂಗಿಲ್ಲ. ಬೇಕೇ ಬೇಕಾದ್ರೆ ಸೀಲಿಂಗ್ ತೂಗಾಕ ರಬ್ಬರ್ ಹ್ಯಾಂಗರ್, 50 ಎಂಎಂ ರಾಕ್‌ವುಲ್ (ಕಲ್ಲಿನ ನಾರಿನ ಹಾಸು), ಜಿಪ್ಸಮ್ ಎರಡು ಪದರ. ಇಣುಕಿ ನೋಡಾಕ ಒಂದು ಮುಚ್ಚಳ ಬಿಡ್ರಿ.

ಬಾತ್‌ರೂಮ್ ಮಾತ್ರ ಕೆಳಗಿನ ಬಾತ್‌ರೂಮ್ ಮೇಲೇ ಬರಲಿ, ಯಾರದೋ ತಲೆದಿಂಬಿನ ಮೇಲೆ ಬ್ಯಾಡ. ಪೈಪ್ ನೆಲ ದಾಟೋ ಕಡೆ ಅದರ ಸುತ್ತ ತೋಳಿನಂಗ ಇನ್ನೊಂದು ದೊಡ್ಡ ಪೈಪ್ ಇಟ್ಟು, ಎರಡರ ನಡುವೆ ಫೋಮ್ ಸುತ್ರಿ, ಸಿಮೆಂಟಿನಾಗ ಹೂಳಬ್ಯಾಡ್ರಿ. ಕ್ಲಾಂಪಿಗೂ ರಬ್ಬರ್ ಇರಲಿ.