ಒಂದು ಫ್ರೇಮಲ್ಲಿ ಗರಿಗರಿ ಬೆಳ್ಳಕ್ಕಿ, ಮುಂದಿನದ್ರಲ್ಲಿ ಸುಣ್ಣದ ಗೋಡೆ. ಮ್ಯಾನುಯಲ್‌ನಲ್ಲೇ ಇದ್ದೀನಿ ಸ್ವಾಮಿ!

ದಂಡೆ_ದೋಣಿ: ತಲೆ ಕೆಟ್ಟು ಹೋಗಿದೆ. ರಂಗನತಿಟ್ಟು, ಎರಡು ಬೆಳಗ್ಗೆ, 1,400 ಫ್ರೇಮು. ಒಂದೇ ಬರ್ಸ್ಟಿನಲ್ಲಿ (ಬಟನ್ ಒತ್ತಿ ಹಿಡಿದು ಸತತ ಕ್ಲಿಕ್ಕು) ಮೂರು ಸರಿ, ನಾಲ್ಕನೆಯದು ಸುಣ್ಣ ಬಳಿದ ಹಾಗೆ. ರೆಕ್ಕೆಯ ಒಂದು ಗೆರೆಯೂ ಉಳಿದಿಲ್ಲ. ಕೊಕ್ಕರೆ ಅದೇ, ಬಿಸಿಲು ಅದೇ, ಮ್ಯಾನುಯಲ್ ಮೋಡ್. ಶಟರ್ ಹೋಯ್ತಾ? ರಿಪೇರಿಗೆ ಎಷ್ಟಾಗುತ್ತೆ?

ಸ್ಪಾಟ್_ರಾಯ: ಕ್ಯಾಮೆರಾಗೆ ಏನೂ ಆಗಿಲ್ಲ, ಇದು ಮೀಟರಿಂಗ್, ಅಂದ್ರೆ ಕ್ಯಾಮೆರಾ ಬೆಳಕು ಅಳೆಯೋ ರೀತಿ. ಹಿಂದೆ ಕಡುಹಸಿರು ಮರ ಬಂದರೆ ಮೀಟರ್ ಬೆಳಕು ಏರಿಸುತ್ತೆ, ಆಕಾಶ ಬಂದರೆ ಇಳಿಸುತ್ತೆ. ಸ್ಪಾಟ್ ಹಾಕಿ, ಒಂದು ಚುಕ್ಕಿಯಷ್ಟು ಜಾಗ ಮಾತ್ರ ಅಳೆಯುತ್ತೆ, ಮುಗೀತು.

ಹಳೇ_ಶಟರ್: ಮ್ಯಾನುಯಲ್ ಅಂತಿದ್ದಾರಲ್ಲ ರಾಯರೇ, ಮೀಟರ್ ಏನು ಹೇಳಿದ್ರೇನು? ದೋಣಿಯವರೇ, 'ಕೊಕ್ಕರೆ' ಅಂದ್ರೆ ಯಾವುದು? ಬಣ್ಣದ ಕೊಕ್ಕರೆಯಾ, ಬಾಯ್ಕಳಕನಾ, ಬೆಳ್ಳಕ್ಕಿನಾ? ಮೂರಕ್ಕೂ ಬಿಳುಪು ಬೇರೆ. ಲೆನ್ಸ್ ಯಾವುದು, ಅಪರ್ಚರ್ (ಲೆನ್ಸಿನ ರಂಧ್ರ; ಎಫ್ ಸಂಖ್ಯೆ ಏರಿದಷ್ಟೂ ಚಿಕ್ಕದು) ಎಷ್ಟು, ಐಎಸ್‌ಒ (ಸೆನ್ಸರಿನ ಸಂವೇದನೆ) ಎಲ್ಲಿದೆ? ಡಿಎಸ್‌ಎಲ್‌ಆರಾ, ಮಿರರ್‌ಲೆಸ್ಸಾ? ಒಂದೂ ಬರೆದಿಲ್ಲ.

ದಂಡೆ_ದೋಣಿ: ಬೆಳ್ಳಕ್ಕಿ. ಡಿಎಸ್‌ಎಲ್‌ಆರ್, 150-600 ಎಂಎಂ ಲೆನ್ಸ್, ಎಫ್/8, ಶಟರ್ 1/3200. ಐಎಸ್‌ಒ ಆಟೋ. ಅದನ್ನ ಎಲ್ಲರೂ ಹಾಗೇ ಅಲ್ವಾ ಇಡೋದು?

ಎಫ್_ಎಂಟು: ಅಲ್ಲೇ ಕೂತಿದೆ ನೋಡಿ ಕಳ್ಳ. ಐಎಸ್‌ಒ ಆಟೋ ಇದ್ರೆ ಅದು ಮ್ಯಾನುಯಲ್ ಅಲ್ಲ. ಶಟರ್, ಅಪರ್ಚರ್ ನಿಮ್ಮ ಕೈಲಿ, ಬೆಳಕಿನ ಲೆಕ್ಕ ಮಾತ್ರ ಮೀಟರ್ ಕೈಲಿ. ಹಕ್ಕಿ ಮರದ ಮುಂದೆ ಬಂದ ತಕ್ಷಣ ಐಎಸ್‌ಒ ಏರುತ್ತೆ, ಬಿಳಿ ಗರಿ ಸುಡುತ್ತೆ.

ಹಕ್ಕಿ ಮೇಲೆ ಬೀಳೋ ಬಿಸಿಲು ಹಿನ್ನೆಲೆ ನೋಡಿ ಬದಲಾಗಲ್ಲ. ಚೆನ್ನಾಗಿ ಬಿಸಿಲು ಏರಿದ ಮೇಲೆ 'ಬಿಸಿಲಿಗೆ ಹದಿನಾರು' ಲೆಕ್ಕ ಹಿಡಿಯಿರಿ: ಎಫ್/16ಕ್ಕೆ ಐಎಸ್‌ಒ 800, 1/800. ಅಂದ್ರೆ ಎಫ್/8ಕ್ಕೆ 1/3200. ಹಕ್ಕಿ ಅಚ್ಚ ಬಿಳಿ, ಹಾಗಾಗಿ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಅಥವಾ ಇಮ್ಮಡಿ) ಇಳಿಸಿ ಐಎಸ್‌ಒ 500ಕ್ಕೆ ನಿಲ್ಲಿಸಿ. ಎಳೆಬಿಸಿಲಲ್ಲಿ ಈ ಲೆಕ್ಕ ನಡೆಯಲ್ಲ. ಆಗ ಬಿಸಿಲಲ್ಲಿ ಕೂತಿರೋ ಒಂದು ಬೆಳ್ಳಕ್ಕಿ ತೆಗೆದು, ಹಿಸ್ಟೋಗ್ರಾಂನ (ಕಪ್ಪಿನಿಂದ ಬಿಳಿವರೆಗಿನ ಬೆಳಕಿನ ನಕ್ಷೆ) ಬಲತುದಿ ಗೋಡೆಗೆ ತಾಗದ ಹಾಗೆ ಹೊಂದಿಸಿ, ಬಿಸಿಲು ಬದಲಾದಾಗ ಮತ್ತೆ ನೋಡಿ. ಪಿಕ್ಚರ್ ಸ್ಟೈಲ್ ವಿವಿಡ್‌ನಲ್ಲಿದ್ರೆ ನ್ಯೂಟ್ರಲ್ ಮಾಡಿ. ಕ್ಯಾಮೆರಾ ತೋರ್ಸೋದು ಜೇಪೆಗ್ ಹಿಸ್ಟೋಗ್ರಾಂ, ರಾ ಫೈಲಿಂದಲ್ಲ (ಸೆನ್ಸರಿನ ಕಚ್ಚಾ ದತ್ತಾಂಶ).

ಸ್ಪಾಟ್_ರಾಯ: ಮೀಟರಿಂಗ್ ಅಂತ ನಾನು ಹೇಳಿದ್ದೇ ಅಲ್ವಾ? ಆಟೋದಲ್ಲೇ ಇರಲಿ, ಸ್ಪಾಟ್ ಇದ್ರೆ ಸಾಕು.

ಎಫ್_ಎಂಟು: ಹಾರೋ ಹಕ್ಕಿಗೆ ಸ್ಪಾಟಾ? ಚುಕ್ಕಿ ರೆಕ್ಕೆಯಿಂದ ಒಂದು ಕೂದಲು ಜಾರಿದ್ರೆ ಮರದ ಬೆಳಕು ಅಳೆಯುತ್ತೆ. ಹೈಲೈಟ್ ವೇಯ್ಟೆಡ್ (ಅತಿ ಬೆಳ್ಳನೆ ಭಾಗ ಸುಡದ ಹಾಗೆ ನೋಡೋ ಮೀಟರಿಂಗ್) ಇರೋ ಬಾಡಿಯಾದ್ರೆ ಒಂದು ಮಾತು.

ಸ್ಪಾಟ್_ರಾಯ: ಕೈ ನೆಟ್ಟಗಿದ್ರೆ ಜಾರಲ್ಲ.

ದಂಡೆ_ದೋಣಿ: ಐಎಸ್‌ಒ 500ಕ್ಕೆ ಕಟ್ಟಿ ಹಾಕಿ ಇವತ್ತು ಮತ್ತೆ ತೆಗೆದೆ. ಬಹಳ ಸುಧಾರಿಸಿದೆ. ಆದ್ರೂ ಹತ್ತಕ್ಕೆ ಎರಡು ಮೂರು ಫ್ರೇಮು ಬಿಳುಚಿಕೊಂಡೇ ಇವೆ. ಎಕ್ಸಿಫ್ (ಫೋಟೋ ಜೊತೆ ದಾಖಲಾಗೋ ಸೆಟ್ಟಿಂಗ್) ನೋಡಿದ್ರೆ ಎಲ್ಲದರಲ್ಲೂ 1/3200, ಎಫ್/8, 500. ಈಗ ಹೇಳಿ!

ಉತ್ತರದವ: ಲೆನ್ಸಿನ ಹಿಂದಿನ ಪಿನ್ ಹೊಲಸಾಗಿರ್ತಾವ್ರಿ. ಪೆನ್ಸಿಲ್ ರಬ್ಬರ್ ತಗೊಂಡು ತಿಕ್ರಿ, ಆಮ್ಯಾಲೆ ನೋಡ್ರಿ.

ಮಳೆಕಾಡು: ಮಾರಾಯ್ರೆ, ರಬ್ಬರ್ ಬೇಡ! ಚಿನ್ನದ ಲೇಪ ಕಿತ್ತು ಬರ್ತದೆ, ಚೂರು ಮೌಂಟಿನೊಳಗೆ ಬೀಳ್ತದೆ. ಲೆನ್ಸ್ ಕೆಳಮುಖ ಹಿಡಿದು, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ನೂಲು ಬಿಡದ ಬಟ್ಟೆಗೆ ಹಾಕಿ ಒರೆಸಿ, ಸಾಕು.

ಉತ್ತರದವ: ಹತ್ತು ವರ್ಷದಿಂದ ರಬ್ಬರೇ ಹಚ್ಚೇವ್ರಿ. ಏನೂ ಆಗಿಲ್ಲ.

ಗಿಂಬಲ್_ಗುರು: 600 ಎಫ್/4, ಗಿಂಬಲ್, ಕಾರ್ಬನ್ ಟ್ರೈಪಾಡ್. ಈ ಜಂಜಾಟವೇ ಇಲ್ಲ. ದೋಣಿಯಲ್ಲಾದ್ರೆ ಬೀನ್ ಬ್ಯಾಗು, ಒಳಗೆ ಅಕ್ಕಿ ಬದಲು ಥರ್ಮೋಕೋಲ್ ಗುಂಡು, ನೆನೆದ್ರೂ ಹುಳ ಬೀಳಲ್ಲ. ಸೆಟಪ್ ಫೋಟೋ ಹಾಕ್ತೀನಿ ಇರಿ.

ಹಳೇ_ಶಟರ್: ಅದನ್ನ ಬೇರೆ ಕಡೆ ಹಾಕಿ ಗುರುಗಳೇ.

ದೋಣಿಯವರೇ, ಎಕ್ಸಿಫ್ ಬರೆಯೋದು ಕ್ಯಾಮೆರಾ ಕೇಳಿದ ಅಪರ್ಚರನ್ನ, ಲೆನ್ಸ್ ನಿಜವಾಗಿ ಕೊಟ್ಟಿದ್ದನ್ನಲ್ಲ. ಡಿಎಸ್‌ಎಲ್‌ಆರ್ ಲೆನ್ಸ್ ನೋಡುವಾಗ ಪೂರ್ತಿ ತೆರೆದಿರುತ್ತೆ, ಕ್ಲಿಕ್ಕಾದಾಗ ಮಾತ್ರ ಅಪರ್ಚರಿನ ಎಲೆಗಳು ಮುಚ್ಚಿ ಮತ್ತೆ ತೆರೆಯಬೇಕು. ಬರ್ಸ್ಟಿನಲ್ಲಿ ಸೆಕೆಂಡಿಗೆ ಎಂಟು ಹತ್ತು ಸಲ. ಎಲೆಗೆ ಎಣ್ಣೆ ಹತ್ತಿದ್ರೆ ಕೆಲವು ಸಲ ತಡವಾಗಿ ಮುಚ್ಚುತ್ತೆ. 600ರಲ್ಲಿ ಎಫ್/8 ಬದಲು 6.3ರಲ್ಲೇ ನಿಂತ್ರೆ ಮೂರನೇ ಎರಡು ಸ್ಟಾಪ್ ಹೆಚ್ಚು. ಬೆಳ್ಳಕ್ಕಿ ಸುಡೋಕೆ ಅಷ್ಟು ಸಾಕು.

ಪರೀಕ್ಷೆ: ಹಗಲು ಬೆಳಕಲ್ಲಿ ಒಂದೇ ಬಣ್ಣದ ಗೋಡೆ. ಎಲ್‌ಇಡಿ, ಟ್ಯೂಬ್‌ಲೈಟ್ ಕೆಳಗೆ ಬೇಡ, ಅವು ಸೆಕೆಂಡಿಗೆ 100 ಸಲ ಮಿಣುಕಬಹುದು, 1/3200ರಲ್ಲಿ ಫಲಿತಾಂಶ ದಾರಿ ತಪ್ಪಿಸುತ್ತೆ. ಐಎಸ್‌ಒ ಆಟೋ ಆಫ್, ಫೋಕಸ್ ಮ್ಯಾನುಯಲ್, ಲೆನ್ಸ್ 600ಕ್ಕೆ. ಎಫ್/6.3ರಲ್ಲಿ 20 ಫ್ರೇಮು ಬರ್ಸ್ಟ್. ಆಮೇಲೆ ಎಫ್/16, ಐಎಸ್‌ಒ ಬೆಳಕು ಮೊದಲಿನಷ್ಟೇ ಇರೋ ಹಾಗೆ ಏರಿಸಿ ಇನ್ನೊಂದು 20. ಮೊದಲನೆಯದು ಸಮ, ಎರಡನೆಯದು ಏರುಪೇರು ಅಂದ್ರೆ ಅಪರ್ಚರ್. ಎರಡರಲ್ಲೂ ಏರುಪೇರಾಗಿ, ಚೌಕಟ್ಟಿನ ಮೇಲೆ-ಕೆಳಗೆ ಬೆಳಕು ಬೇರೆ ಬೇರೆ ಇದ್ರೆ ಆಗ ಶಟರ್ ಮೇಲೆ ಅನುಮಾನ ಪಡಿ.

ದಂಡೆ_ದೋಣಿ: ಎಫ್/6.3: 20ಕ್ಕೆ 20 ಸಮ. ಎಫ್/16: 3, 4, 9, 15 ಬೆಳ್ಳಗೆ, ಫ್ರೇಮ್ ಪೂರ್ತಿ ಒಂದೇ ಸಮ. ಬೇರೆ ಲೆನ್ಸ್ ಹಾಕಿ ಎಫ್/16ರಲ್ಲಿ ತೆಗೆದೆ, ತೊಂದರೆ ಇಲ್ಲ.

ಹಳೇ_ಶಟರ್: ಹಾಗಾದ್ರೆ ಬಾಡಿ ಪಾರು, ಲೆನ್ಸೇ. ಎಫ್/16ಕ್ಕಿಟ್ಟು ಡೆಪ್ತ್ ಪ್ರಿವ್ಯೂ ಬಟನ್ (ಕ್ಲಿಕ್ಕಿಸದೆಯೇ ಅಪರ್ಚರ್ ಮುಚ್ಚೋದು) ಒತ್ತಿ ಮುಂದಿನ ಗಾಜಿಂದ ನೋಡಿ. ರಂಧ್ರ ಪಟ್ಟಂತ ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದ್ರೆ, ಎಲೆ ಮೇಲೆ ಎಣ್ಣೆ ಮಿಂಚಿದ್ರೆ ಸಂಶಯವಿಲ್ಲ. ನೀವೇ ಬಿಚ್ಚಬೇಡಿ, ಯಾವ ಸ್ಪ್ರೇಯೂ ಹೊಡೀಬೇಡಿ. ಎಲೆ ಒರೆಸೋಕೆ ಗಾಜಿನ ಗುಂಪು ತೆಗೀಬೇಕು, ಮತ್ತೆ ಸರಿಯಾಗಿ ಕೂರಿಸದಿದ್ರೆ ಫೋಕಸ್ ಹಾಳು.

ಅಲ್ಲೀವರೆಗೆ ಎಫ್/6.3, 1/3200, ಐಎಸ್‌ಒ 320. ಲೆನ್ಸ್ 600ರಿಂದ ಕೆಳಗಿಳಿಸಬೇಡಿ. 150ರಲ್ಲಿ ಪೂರ್ತಿ ತೆರೆದ್ರೆ ಎಫ್/5, ಅಲ್ಲಿ 6.3 ಕೇಳಿದ್ರೂ ಎಲೆ ಅಲ್ಲಾಡಲೇಬೇಕು.

ಮಳೆಕಾಡು: ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಲೆನ್ಸ್ ಬಿಡ್ತೀರಾ? ಗ್ರೀಸ್ ಕರಗಿ ಎಲೆಗೆ ಹರಿಯೋದು ಹಾಗೆಯೇ. ಮನೆಯಲ್ಲಿ ಡ್ರೈ ಕ್ಯಾಬಿನೆಟ್ 45 ಶೇಕಡ ತೇವಾಂಶಕ್ಕೆ ಇಡಿ, 30ಕ್ಕಿಂತ ಕೆಳಗೆ ಒಣಗಿಸಬೇಡಿ.

ದಂಡೆ_ದೋಣಿ: ಡಿಕ್ಕಿಯಲ್ಲಿ ಇಡ್ತಿದ್ದೆ. ಡಿಕ್ಕಿ ಅಷ್ಟು ಬಿಸಿ ಆಗಲ್ಲ ಅಲ್ವಾ?

ಸ್ಪಾಟ್_ರಾಯ: ಎಲ್ಲಾ ಸರಿ. ಆದ್ರೂ ಆ ಮೊದಲ 1,400 ಫ್ರೇಮ್ ಸ್ಪಾಟಲ್ಲಿ ತೆಗೆದಿದ್ರೆ ಅರ್ಧವಾದ್ರೂ ಉಳೀತಿತ್ತು.

ಉತ್ತರದವ: ಗಿಂಬಲ್ ಗುರುಗಳ, ಆ ಥರ್ಮೋಕೋಲ್ ಗುಂಡು ಎಷ್ಟು ಕೇಜಿ ಹಿಡಿತೈತ್ರಿ?